ಡ್ರಮ್ಮಕ್ಕನ ಹೆಪ್ಪು

ಡ್ರಮ್ಮಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನಲವತ್ತರ ಅಂಚಿನಲ್ಲಿ, ಬೈತಲೆಯ ಪಕ್ಕದಲ್ಲಿ ಬಿಳಿ ಕೂದಲು ಇಣುಕುವ ವಯಸ್ಸಿನಲ್ಲಿ ಸಿಕ್ಕ ಹೆಸರು. ಎಂಜಿನಿಯರಿಂಗ್ ಕಾಲೇಜಿಗೆ ಎಂ.ಟೆಕ್. ಓದಲು ಸೇರಿದ ಹೊಸದರಲ್ಲಿ ಅವಳು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಂಗಳದುದ್ದಕ್ಕೂ ಉರುಳಿಸಿಕೊಂಡು ಹೋಗುತ್ತಿದ್ದಳು. ಅವಳ ತಮ್ಮನಿಗಿಂತ ಚಿಕ್ಕ ವಯಸ್ಸಿನ ಸಹಪಾಠಿಗಳು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಅವರಲ್ಲೊಬ್ಬ "ಡ್ರಮ್ಮಕ್ಕಾ!" ಎಂದು ಕೂಗಿ, ಏನೂ ಗೊತ್ತಿಲ್ಲದವನಂತೆ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ತಿರುಗಿ ನೋಡದೆ ಹೋಗಿದ್ದರೆ ಆ ಹೆಸರು ಅಲ್ಲೇ ಮಣ್ಣುಪಾಲಾಗುತ್ತಿತ್ತು. ಅವಳು ತಿರುಗಿದಳು. "ಕೂಗಿದ್ದು ನೀನೇ ತಾನೇ? ಬಾ, ಬಂದು ಒಂದು ಕೈ ಹಿಡಿ" ಎಂದಳು. ಅವನು ಬಂದು ಹಿಡಿದ. ಆಮೇಲೆ ಓದು ಮುಗಿಯುವ ತನಕ ಅವಳನ್ನು ಯಾರೂ ಬೇರೆ ಹೆಸರಿನಿಂದ ಕರೆಯಲಿಲ್ಲ.

ಓದಲು ಬರುವ ಮೊದಲು ಅವಳು ಊರಾಚೆಯ ಕೊಳಚೆ ನೀರು ಶುದ್ಧ ಮಾಡುವ ಕೇಂದ್ರದಲ್ಲಿ ಎಂಜಿನಿಯರು. ಮದುವೆಯ ಮೊದಲೇ ಸೇರಿದ ಕೆಲಸ. ಇಡೀ ಊರು ತೊಳೆದು ಚೆಲ್ಲಿದ್ದೆಲ್ಲ ಅಲ್ಲಿಗೆ ಬಂದು ಸೇರುತ್ತಿತ್ತು. ಅದರ ಬಗ್ಗಡವನ್ನು ಗಾಳಿಯಾಡದ ದೊಡ್ಡ ತೊಟ್ಟಿಯಲ್ಲಿ ಮುಚ್ಚಿಟ್ಟರೆ ಉರಿಯುವ ಗ್ಯಾಸು ಹುಟ್ಟುತ್ತಿತ್ತು. ಆ ಗ್ಯಾಸನ್ನು ಒಂದು ಪೈಪಿನಲ್ಲಿ ಪಕ್ಕದ ಬಡಮಕ್ಕಳ ಹಾಸ್ಟೆಲಿನ ಅಡುಗೆಮನೆಗೆ ಬಿಟ್ಟಿದ್ದರು. ಬೇಸಿಗೆಯಲ್ಲಿ ಒಲೆ ಭರ್ರೆಂದು ಉರಿಯುತ್ತಿತ್ತು. ಚಳಿ ಬಿತ್ತೋ, ಗ್ಯಾಸು ಕ್ಷೀಣಿಸಿ, ಒಂದು ದಿನ ಪೂರ್ತಿ ನಿಂತೇ ಹೋಗುತ್ತಿತ್ತು. ಆಗ ಹಾಸ್ಟೆಲಿನ ಅಡುಗೆಯಾಕೆ ಮತ್ತೆ ಸೌದೆ ಒಟ್ಟಿ, ಹೊಗೆಯಲ್ಲಿ ಕೆಮ್ಮುತ್ತ ಅಷ್ಟೂ ಮಕ್ಕಳಿಗೆ ಬೇಯಿಸಬೇಕು.

"ಏನಮ್ಮಾ ಇದು ನಿಮ್ಮ ಗ್ಯಾಸು, ನೆಂಟರ ಥರ," ಎಂದು ಆಕೆ ಪ್ರತಿ ಚಳಿಗಾಲವೂ ಹೇಳುತ್ತಿದ್ದಳು. "ಬೇಡದಾಗ ಮನೆ ತುಂಬ ಇರುತ್ತೆ. ಬೇಕಾದಾಗ ಮುಖ ತೋರಿಸಲ್ಲ."

ತಮಾಷೆಗೆ ಹೇಳಿದ ಮಾತು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಕೆಮ್ಮಿ, ಕೆಂಪಾದ ಕಣ್ಣನ್ನು ತೋಳಿನಿಂದ ಒರೆಸಿಕೊಂಡಿದ್ದಳು. ಆ ಕೆಮ್ಮು ಡ್ರಮ್ಮಕ್ಕನ ಕಿವಿಯಲ್ಲಿ ಕೂತುಬಿಟ್ಟಿತು. ಬಗ್ಗಡದೊಳಗಿನ ಕಣ್ಣಿಗೆ ಕಾಣದ ಜೀವಿಗಳೇ ತಿಂದು ಗ್ಯಾಸು ಮಾಡುವುದು. ಚಳಿಗೆ ಅವು ಮುದುಡಿಕೊಳ್ಳುತ್ತವೆ ಎಂದು ಅವಳು ಪುಸ್ತಕದಲ್ಲಿ ಓದಿದ್ದಳು. ಅವಕ್ಕೆ ಚಳಿ ಅಭ್ಯಾಸ ಮಾಡಿಸಿದರೆ? ತಣ್ಣೀರು ಸ್ನಾನ ಅಭ್ಯಾಸವಾದವರಿಗೆ ತಣ್ಣೀರೇ ಹಿತವಾಗುವುದಿಲ್ಲವೇ?

ಈ ಒಂದು ಪ್ರಶ್ನೆ ಹಿಡಿದುಕೊಂಡು ಅವಳು ರಜೆಗೆ ಅರ್ಜಿ ಹಾಕಿದಳು. ಸಿಕ್ಕಿತು, ಆದರೆ ಷರತ್ತಿನ ಮೇಲೆ. ಎರಡನೆಯ ಚಳಿಗಾಲ ಮುಗಿಯುತ್ತಲೇ ಓದು ಮುಗಿಸಿ ವಾಪಸ್ ಬರಬೇಕು. ಇನ್ನೊಂದು ದಿನವೂ ಇಲ್ಲ, ಇನ್ನೊಂದು ಸಲವೂ ಇಲ್ಲ.

ಗಂಡ ಫೋನಿನ ಟವರುಗಳ ರಿಪೇರಿಗೆಂದು ಊರೂರು ತಿರುಗುವವನು. "ಮನೆ ನೋಡ್ಕೊಳ್ಳೋಕೆ ಅಮ್ಮ ಇದ್ದಾಳೆ, ಹೋಗಿ ಓದು" ಎಂದ. ಅಮ್ಮ ಎಂದರೆ ಇವಳ ಅತ್ತೆ. ಸೌಟು, ಬೀಗದ ಕೈ, ಮೊಮ್ಮಗಳ ಜಡೆ ಮೂರನ್ನೂ ತನ್ನ ವಶಕ್ಕೆ ತೆಗೆದುಕೊಂಡಳು. ಆದರೆ ಬಾಯಿಗೆ ಮಾತ್ರ ಬೀಗ ಹಾಕಲಿಲ್ಲ.

"ಜನ ಓದಿ ಓದಿ ಮೇಲಕ್ಕೆ ಹೋಗ್ತಾರೆ. ನಮ್ಮನೆ ಸೊಸೆ ಓದಿ ಓದಿ ಮುಸುರೆ ಬಕೆಟ್ಟಿಗೆ ಇಳಿದಳು."

"ಅತ್ತೆ, ಇದು ಸಂಶೋಧನೆ."

"ಅದೇ ಹೇಳಿದ್ದು ತಾಯಿ, ಸಂಶೋಧನೆ. ಹೋಗಿ ಕೈ ತೊಳ್ಕೊಂಡು ಬಾ, ಊಟಕ್ಕೆ ಬಡಿಸ್ತೀನಿ. ಮೊಣಕೈ ತನಕ ತೊಳಿ."

ಲ್ಯಾಬಿನ ಹಿಂದೆ ತಗಡಿನ ಮಾಡಿನ ಕೆಳಗೆ ಡ್ರಮ್ಮು ಕೂತಿತು. ಅದರ ತುಂಬ ಅವಳು ತನ್ನ ಕೇಂದ್ರದಿಂದಲೇ ತಂದ ಬಗ್ಗಡ. ಒಳಗೆ ಇನ್ನೊಂದು ಚಿಕ್ಕ ಡ್ರಮ್ಮನ್ನು ಬೋರಲು ಹಾಕಿದ್ದಳು. ಗ್ಯಾಸು ತುಂಬಿದಂತೆ ಅದು ಮೇಲಕ್ಕೇಳುತ್ತದೆ, ಒಲೆ ಹೊತ್ತಿಸಿದರೆ ಮೆಲ್ಲಗೆ ಇಳಿಯುತ್ತದೆ. ದಿನಾ ಬೆಳಿಗ್ಗೆ ಕ್ಯಾಂಟೀನಿನಿಂದ ಮಿಕ್ಕ ಅನ್ನ, ತರಕಾರಿ ಸಿಪ್ಪೆ ತಂದು, ರುಬ್ಬಿ, ಅಳೆದು ಹಾಕುವಳು. ಡ್ರಮ್ಮಿನ ಸುತ್ತ ನೀರಿನ ತೊಟ್ಟಿ, ಆ ನೀರಿಗೊಂದು ಹೀಟರು. ಮೊದಲ ಚಳಿಗಾಲದಲ್ಲಿ ಹೀಟರಿನ ಬಿಸಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಇಳಿಸುತ್ತ ಬಂದಳು. ಅವಸರ ಮಾಡಿದರೆ ಒಳಗಿನವು ಮುನಿಸಿಕೊಳ್ಳುತ್ತಿದ್ದವು; ಚಿಕ್ಕ ಡ್ರಮ್ಮು ಏಳದೆ ಹಟ ಹಿಡಿಯುತ್ತಿತ್ತು. ಆಗ ಮತ್ತೆ ಒಂದಿಷ್ಟು ಬಿಸಿ ಕೊಟ್ಟು, ಓಲೈಸಿ, ಮತ್ತೆ ಇಳಿಸುವುದು. ಬೇಸಿಗೆ ಬಂದಾಗ ಅಭ್ಯಾಸ ತಪ್ಪಬಾರದೆಂದು ಪ್ರೊಫೆಸರರ ಕೈಕಾಲು ಹಿಡಿದು ಲ್ಯಾಬಿನ ಎ.ಸಿ. ಕೋಣೆಗೆ ಡ್ರಮ್ಮನ್ನು ಸಾಗಿಸಿದಳು. "ಓದೋರಿಗೆ ಫ್ಯಾನೂ ತಿರುಗಲ್ಲ, ಡ್ರಮ್ಮಿಗೆ ಎ.ಸಿ.!" ಎಂದು ಸಹಪಾಠಿಗಳು ಬೊಬ್ಬೆ ಹಾಕಿದರು.

ಹೀಗೆ ಒಂದು ವರ್ಷದ ಮೇಲಾಯಿತು. ಬಗ್ಗಡ ಪಳಗಿತು. ಇನ್ನು ಬಾಕಿ ಉಳಿದದ್ದು ಕಡೆಯ ಪರೀಕ್ಷೆಯೊಂದೇ. ಈ ಎರಡನೆಯ ಚಳಿಗಾಲದಲ್ಲಿ ಹೀಟರನ್ನು ಪೂರ್ತಿ ಕಿತ್ತುಹಾಕಿ, ಬರೀ ಬಯಲಿನ ಚಳಿಯಲ್ಲಿ ಗ್ಯಾಸು ಬರುತ್ತದೆಂದು ತೋರಿಸಿಬಿಟ್ಟರೆ ಅವಳ ಪ್ರಬಂಧ ಮುಗಿಯಿತು.

ಆ ಹೊತ್ತಿಗೆ ಲ್ಯಾಬಿಗೆ ಹೊಸ ಅಟೆಂಡರ್ ಬಂದ. ವಯಸ್ಸಾದ, ಮಿತಭಾಷಿ ಮನುಷ್ಯ. ಅಷ್ಟು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕದ ಧೂಳು ಹೊಡೆದವನು. ಅವನ ಕಣ್ಣಿಗೆ ಲೋಕದಲ್ಲಿ ಇರುವುದು ಎರಡೇ ಜಾತಿ, ಒರೆಸಿದ್ದು ಮತ್ತು ಒರೆಸದ್ದು. ಅವಳು ತನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆ, ಟೀ ಕುಡಿಯುವಾಗ ತನ್ನನ್ನೂ ಕರೆಯುತ್ತಾಳೆ ಎಂದು ಅವನಿಗೆ ಅವಳ ಮೇಲೆ ಬಹಳ ಅಭಿಮಾನ. ಆ ಅಭಿಮಾನವೇ ಮುಂದೆ ಎಡವಟ್ಟಿಗೆ ಕಾರಣವಾಯಿತು.

ಡ್ರಮ್ಮಕ್ಕನಿಗೆ ಒಂದು ಚಾಳಿ. ಹೆತ್ತವರು ಮುದ್ದಿನ ಮಗುವನ್ನೇ "ಈ ಪೀಡೆ ಒಂದು ನನ್ನ ಜೀವ ತಿನ್ನುತ್ತೆ" ಎನ್ನುವುದಿಲ್ಲವೇ, ಹಾಗೆ ಅವಳು ಡ್ರಮ್ಮಿನ ಮುಂದೆ ನಿಂತು ದಿನಾ ಬೈಯುತ್ತಿದ್ದಳು. "ಥೂ, ಗಬ್ಬು ಡ್ರಮ್ಮೇ! ನಿನ್ನಿಂದ ಮುಕ್ತಿ ಯಾವತ್ತೋ. ನೋಡಿ, ಬಟ್ಟೆಗೆಲ್ಲ ಇದರದ್ದೇ ನಾತ." ಪಕ್ಕದಲ್ಲಿ ಪೊರಕೆ ಹಿಡಿದು ನಿಂತ ಅಟೆಂಡರ್ ಇದನ್ನೆಲ್ಲ ಕೇಳಿ, ಪಾಪ ಹೆಣ್ಣುಮಗಳು ಎಂದು ಮನಸ್ಸಿನಲ್ಲೇ ಮರುಗುತ್ತಿದ್ದ.

ಚಳಿ ಇನ್ನೇನು ಬೀಳಬೇಕು ಎನ್ನುವಾಗ ಮಗಳಿಗೆ ಜ್ವರ ಬಂತು. ಡ್ರಮ್ಮಕ್ಕ ಕೆಲವು ದಿನ ಕಾಲೇಜಿಗೆ ಹೋಗಲಿಲ್ಲ. ಒಂದೆರಡು ದಿನ ಉಪವಾಸವಿದ್ದರೆ ಬಗ್ಗಡಕ್ಕೆ ಏನೂ ಆಗುವುದಿಲ್ಲ ಎಂದು ಅವಳಿಗೆ ಧೈರ್ಯ. ಅತ್ತ ಕಾಲೇಜಿಗೆ ಹೊರಗಿನಿಂದ ದೊಡ್ಡವರು ಲ್ಯಾಬು ನೋಡಲು ಬರುತ್ತಾರೆಂದು ಸುದ್ದಿಯಾಯಿತು. "ಎಲ್ಲ ಚೊಕ್ಕಟವಾಗಿರಬೇಕು" ಎಂದು ಪ್ರೊಫೆಸರ್ ಹೇಳಿ ಹೋದರು.

ಮಗಳ ಜ್ವರ ಇಳಿದ ಮಾರನೆಯ ಬೆಳಿಗ್ಗೆ ಅವಳು ಕ್ಯಾಂಟೀನಿನ ಬಕೆಟ್ಟು ಹಿಡಿದು ಲ್ಯಾಬಿನ ಹಿಂದಕ್ಕೆ ಬಂದಳು. ಬಂದವಳು ನಿಂತಲ್ಲೇ ನಿಂತಳು. ದೊಡ್ಡ ಡ್ರಮ್ಮು, ಚಿಕ್ಕ ಡ್ರಮ್ಮು ಎರಡೂ ಬಿಸಿಲಿನಲ್ಲಿ ಬೋರಲಾಗಿ ಒಣಗುತ್ತಿದ್ದವು. ಅಂಗಡಿಯಿಂದ ತಂದ ದಿನವೂ ಅಷ್ಟು ನೀಲಿಯಾಗಿರಲಿಲ್ಲ. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಟೆಂಡರ್ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ. ಮುಖದ ತುಂಬ ನಗು.

"ನೋಡಿ ಮೇಡಂ, ರಜೆ ದಿನ ಬಂದು ತೊಳೆದೆ. ಬ್ರಷ್ ಹಾಕಿ ಉಜ್ಜಿ ಉಜ್ಜಿ... ಇನ್ನು ನಿಮಗೆ ಆ ನಾತದ ಕಾಟ ಇಲ್ಲ."

ಅವಳ ಕೈಯಿಂದ ಬಕೆಟ್ಟು ಜಾರಿತು. ಸಿಪ್ಪೆ, ಅನ್ನ ಎಲ್ಲ ನೆಲದ ಮೇಲೆ.

"ಅಯ್ಯೋ ಬಿಡಿ, ಅದನ್ನೂ ನಾನೇ ಗುಡಿಸ್ತೀನಿ" ಎಂದು ಅವನು ಪೊರಕೆಗೆ ಹೋದ.

"ಒಳಗಿದ್ದದ್ದು..." ಎಂದಳು. "ಒಳಗಿದ್ದದ್ದು ಎಲ್ಲಿ?"

"ಚರಂಡಿಗೆ ಬಿಟ್ಟೆ ಮೇಡಂ. ಒಂದು ಹನಿ ಬಿಟ್ಟಿಲ್ಲ."

ಅವಳು ಓಡಿದ್ದು ಲ್ಯಾಬಿನ ಫ್ರಿಜ್ಜಿನ ಹತ್ತಿರ. ಇಂಥ ಗಂಡಾಂತರಕ್ಕೆಂದೇ ಒಂದು ದೊಡ್ಡ ಬಾಟಲಿ ತುಂಬ ಬಗ್ಗಡ ಎತ್ತಿಟ್ಟಿದ್ದಳು. ಬಾಟಲಿ ಇತ್ತು. ಲೋಟದಂತೆ ಫಳಫಳ ಹೊಳೆಯುತ್ತ, ಖಾಲಿಯಾಗಿ ಇತ್ತು.

"ಅದರಲ್ಲೂ ಏನೋ ಕೊಳೆತುಹೋಗಿತ್ತು" ಎಂದ ಅಟೆಂಡರ್, ಹಿಂದೆಯೇ ಬಂದವನು. ಆಮೇಲೆ ಅವಳ ಮುಖ ನೋಡಿದ. ಅವನ ನಗು ನಿಂತಿತು. "ಮೇಡಂ... ನಾನೇನಾದ್ರೂ ತಪ್ಪು ಮಾಡಿದ್ನಾ?"

ಅವಳು ಬೈಯಲು ಬಾಯಿ ತೆರೆದರೆ, ಅಷ್ಟು ದಿನ ಅವನೆದುರಿಗೇ ಡ್ರಮ್ಮನ್ನು ಬೈದ ತನ್ನ ಮಾತುಗಳೇ ಅಡ್ಡ ಬಂದವು. ಕುರ್ಚಿಯ ಮೇಲೆ ಕೂತುಬಿಟ್ಟಳು.

ಪ್ರೊಫೆಸರ್ ವಿಷಯ ಕೇಳಿ ಕೆಂಡವಾದರು. ಬೋಳು ತಲೆ ಕೂಡ ಕೆಂಪಾಯಿತು. "ಈ ಮನುಷ್ಯನ ಮೇಲೆ ಬರೆದು ಕಳಿಸ್ತೀನಿ. ಒಂದು ವರ್ಷ ಪಳಗಿಸಿದ ಕಲ್ಚರ್ ಕಣಮ್ಮ ಅದು!"

"ಬೇಡ ಸಾರ್," ಎಂದಳು ಅವಳು. "ದುರುದ್ದೇಶ ಇರಲಿಲ್ಲ. ರಜೆ ದಿನ ಮನೇಲಿ ಕಾಲು ಚಾಚಿ ಕೂರೋದು ಬಿಟ್ಟು, ನನಗೋಸ್ಕರ ಬಂದು ತೊಳೆದಿದ್ದಾರೆ."

"ನಿನಗೋಸ್ಕರ ನಿನ್ನ ಡಿಗ್ರೀನೇ ತೊಳೆದಿದ್ದಾನೆ!" ಪ್ರೊಫೆಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೆತ್ತಗಿನ ದನಿಯಲ್ಲಿ, "ನಿಮ್ಮ ಕೇಂದ್ರದಿಂದ ಹೊಸ ಬಗ್ಗಡ ತರಬಹುದು. ಆದ್ರೆ ಅದನ್ನ ಚಳಿಗೆ ಪಳಗಿಸೋಕೆ ಮತ್ತೆ ಒಂದು ವರ್ಷ. ಚಳಿಗಾಲ ನಮಗೋಸ್ಕರ ನಿಲ್ಲಲ್ಲಮ್ಮ. ನಿನ್ನ ರಜೇನೂ ನಿಲ್ಲಲ್ಲ" ಎಂದರು.

ಗೊತ್ತಿದ್ದದ್ದೇ. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅವಳ ಕಣ್ಣ ಮುಂದೆ ಬಂದದ್ದು ಡಿಗ್ರಿಯಲ್ಲ. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವ ಹಾಸ್ಟೆಲಿನ ಅಡುಗೆಯಾಕೆ. ಬರಿಗೈಯಲ್ಲಿ ವಾಪಸ್ ಹೋಗಿ ಆಕೆಗೆ ಏನು ಹೇಳುವುದು? ಓದಿ ಬಂದೆ, ಆದರೆ ನಿನ್ನ ನೆಂಟರು ಈ ಸಲವೂ ಚಳಿಗೆ ಬರುವುದಿಲ್ಲ ಎಂದೇ?

ಸಂಜೆ ಮನೆಗೆ ಬಂದವಳು ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತಳು. ಅತ್ತೆ ಬಾಗಿಲಿಗೆ ಬಂದು ಅವಳ ಮುಖ ನೋಡಿದವಳೇ ಗಾಬರಿಯಾಗಿ, "ಯಾರು ಹೋದ್ರೇ?" ಎಂದಳು.

"ನನ್ನ ಹುಳಗಳು ಹೋದವು ಅತ್ತೆ. ಎಲ್ಲ. ಒಂದೂ ಉಳಿದಿಲ್ಲ."

ಬೇರೆ ದಿನವಾಗಿದ್ದರೆ ಅತ್ತೆಯ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಅವತ್ತು ಆಕೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಸೊಸೆಯ ಪಕ್ಕದಲ್ಲಿ ಕೂತಳು. ಎಲ್ಲ ಕೇಳಿದಳು. ಕಡೆಗೆ ಅವಳ ಕೈ ಹಿಡಿದು ಮೂಸಿ ನೋಡಿ, "ಹೌದೇ, ಇವತ್ತು ಬರೀ ಸೋಪಿನ ವಾಸನೆ" ಎಂದಳು. ಅದನ್ನು ಕೇಳಿದ್ದೇ ಸೊಸೆಗೆ ಬೆಳಗಿನಿಂದ ತಡೆದಿದ್ದ ಅಳು ಒತ್ತರಿಸಿ ಬಂತು.

ಅಳುತ್ತಿರುವಾಗಲೇ ಮೇಲ್ಮನೆಯಲ್ಲಿ ಜಗಳ ಶುರುವಾಯಿತು. ಮೇಲ್ಮನೆಯಲ್ಲಿ ಇದ್ದದ್ದು ರಿಟೈರಾದ ಬಸ್ ಕಂಡಕ್ಟರು ಮತ್ತು ಅವನ ಹೆಂಡತಿ. ಮಕ್ಕಳಿಲ್ಲ. ಜಗಳವೇ ಅವರ ಮನೆಯ ರೇಡಿಯೋ. ದಿನಾ ಆ ಹೊತ್ತಿಗೆ ಹಚ್ಚಿಕೊಳ್ಳುತ್ತಿತ್ತು. ಆದ್ದರಿಂದ ಕೆಳಗಿನವರು ಕಿವಿಗೊಡಲಿಲ್ಲ. ಆದರೆ ಹೆಂಡತಿಯ ದನಿ ತಾರಸಿಯಿಂದ ಮೆಟ್ಟಿಲಿಗೆ ಇಳಿದು ಬರುತ್ತಿತ್ತು.

"ಭಾನುವಾರ ನನ್ನ ತಂಗಿ ಮನೆಯೋರು ಬರ್ತಾರೆ. ಅಷ್ಟರೊಳಗೆ ಆ ಹೊಲಸು ಡ್ರಮ್ಮು ತಾರಸಿ ಮೇಲಿಂದ ಹೋಗಬೇಕು. ಇಲ್ಲ ಅಂದ್ರೆ ನಾನು ಹೋಗ್ತೀನಿ!"

"ಎಲ್ಲಿಗೆ ಹೋಗ್ತೀಯಾ ಹೇಳು, ಟಿಕೆಟ್ ಹರೀತೀನಿ."

"ಹರಿಯೋ ನಾಲಿಗೆ ಹರಿದು ಬೀಳ್ಲಿ. ಈಗಲೇ ಬಗ್ಗಿಸಿ ಅದನ್ನ!"

"ಆಯ್ತು ಮಾರಾಯ್ತಿ, ಬಗ್ಗಿಸ್ತೀನಿ. ಆ ಚರಂಡಿ ಜಾಲರಿ ತೆಗಿ."

ಡ್ರಮ್ಮಕ್ಕ ಅಳು ನಿಲ್ಲಿಸಿದಳು. ಡ್ರಮ್ಮು?

ಬೇಸಿಗೆ ಕಳೆದ ಹೊಸದರಲ್ಲಿ ಕಂಡಕ್ಟರು ಅವಳ ಬೆನ್ನು ಹತ್ತಿ, "ನನಗೂ ಒಂದು ಬಕೆಟ್ ಕೊಡಮ್ಮ, ನಾನೂ ಗ್ಯಾಸ್ ಮಾಡ್ತೀನಿ" ಎಂದು ಅವಳ ಲ್ಯಾಬಿನ ಡ್ರಮ್ಮಿನ ಬಗ್ಗಡ ಇಸಿದುಕೊಂಡು ಹೋಗಿದ್ದ. ಅವಳೇ ಬಂದು ಡ್ರಮ್ಮು ಜೋಡಿಸಿ, ಪೈಪು ಕೂರಿಸಿ ಕೊಟ್ಟಿದ್ದಳು. ಆಮೇಲೆ ಅದನ್ನು ಮರೆತೇಬಿಟ್ಟಿದ್ದಳು. ಮರೆಯದೆ ಏನು? ಅವನು ಹಿಂದೆ ಜೇನು ಸಾಕಿದ್ದ, ಜೇನು ಹಾರಿಹೋಯಿತು. ಅಣಬೆ ಬೆಳೆದ, ಅದಕ್ಕೆ ಬೂಷ್ಟು ಹಿಡಿಯಿತು. ಮೀನು ಸಾಕಿದ, ಪಕ್ಕದ ಮನೆಯ ಬೆಕ್ಕು ದಪ್ಪವಾಯಿತು. ಎದುರು ಸಿಕ್ಕಾಗೆಲ್ಲ "ಗ್ಯಾಸ್ ಬರ್ತಿದೆ ಕಣಮ್ಮ, ಭರ್ಜರಿ!" ಎನ್ನುತ್ತಿದ್ದ. ಅವಳು "ಸಂತೋಷ ದೊಡ್ಡಪ್ಪ" ಎಂದು ನಕ್ಕು ಮುಂದೆ ಹೋಗುತ್ತಿದ್ದಳು. ಅವನ ಮಾತನ್ನು ಯಾರು ನಂಬಬೇಕು?

ಈಗ ಅವಳು ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಓಡಿದಳು. "ದೊಡ್ಡಪ್ಪಾ, ಬಗ್ಗಿಸಬೇಡಿ! ದೊಡ್ಡಪ್ಪಾ, ಕೈ ಬಿಡಿ!"

ಕಂಡಕ್ಟರು ಡ್ರಮ್ಮನ್ನು ಅಪ್ಪಿಕೊಂಡು ವಾಲಿಸುತ್ತಿದ್ದ. ಅಂಚಿನಿಂದ ಒಂದು ತಂಬಿಗೆಯಷ್ಟು ಆಗಲೇ ಚೆಲ್ಲಿತ್ತು. ಅವಳು ಹೋಗಿ ಇನ್ನೊಂದು ಕಡೆಯಿಂದ ಅಪ್ಪಿಕೊಂಡಳು. ಇಬ್ಬರ ನಡುವೆ ಡ್ರಮ್ಮು ನೆಟ್ಟಗೆ ನಿಂತಿತು.

"ಇವಳಿಗೇನಾಯ್ತು?" ಎಂದಳು ಅವನ ಹೆಂಡತಿ, ದೊಡ್ಡಮ್ಮ.

ಅವಳು ಬಗ್ಗಿ ಮೂಸಿದಳು. ಹುಳಿ ವಾಸನೆ ಇಲ್ಲ. ಕೆಟ್ಟ ಬಗ್ಗಡ ಹುಳಿ ನಾರುತ್ತದೆ. ಇದು ಅವಳದೇ ಡ್ರಮ್ಮಿನ ಹಳೆಯ ಗಬ್ಬು. "ಇದು ಉರಿಯುತ್ತಾ?" ಎಂದಳು, ಏದುಸಿರು ಬಿಡುತ್ತ.

"ಎಷ್ಟು ಸಲ ಹೇಳಿಲ್ಲ ನಿನಗೆ? ನನ್ನ ಸಂಜೆ ಟೀ ಆಗೋದೇ ಇದರ ಮೇಲೆ." ಕಂಡಕ್ಟರು ಕಡ್ಡಿ ಗೀರಿ ಪೈಪಿನ ತುದಿಯ ಪುಟ್ಟ ಒಲೆಗೆ ಹಿಡಿದ. ನೀಲಿ ಉರಿ ಸುತ್ತಲೂ ಅರಳಿತು. ಆಗಲೇ ತಾರಸಿಯ ಮೇಲೆ ಕೊರೆಯುವ ಗಾಳಿ ಬೀಸುತ್ತಿತ್ತು. ಡ್ರಮ್ಮು ಇದ್ದದ್ದು ನೀರಿನ ಟ್ಯಾಂಕಿನ ಹಿಂದೆ, ಬಿಸಿಲು ಎಂದೂ ಸೋಕದ ತಣ್ಣನೆಯ ಮೂಲೆಯಲ್ಲಿ.

"ಇಲ್ಲಿ ಯಾಕೆ ಇಟ್ಟಿರಿ ದೊಡ್ಡಪ್ಪ? ನಾನು ಬಿಸಿಲಲ್ಲಿ ಇಟ್ಟಿದ್ನಲ್ಲ."

"ಇವಳು ಬಿಡಬೇಕಲ್ಲ! ಬಂದೋರ ಕಣ್ಣಿಗೆ ಬೀಳುತ್ತೆ ಅಂತ ಬೈದು ಬೈದು ಈ ಮೂಲೆಗೆ ತಳ್ಳಿಸಿದಳು."

ಡ್ರಮ್ಮಕ್ಕ ತಿರುಗಿ ದೊಡ್ಡಮ್ಮನನ್ನು ತಬ್ಬಿಕೊಂಡಳು. ಬಿಸಿಲಿನಲ್ಲಿ ಇಟ್ಟಿದ್ದರೆ ಬಗ್ಗಡ ಚಳಿಯ ಪಾಠ ಮರೆತುಬಿಡುತ್ತಿತ್ತು. ಆ ನೆರಳಿನ ಮೂಲೆಯಲ್ಲಿ, ಯಾರೂ ಕಲಿಸದೆ, ಅದು ತನ್ನ ಪಾಡಿಗೆ ಓದು ಮುಂದುವರಿಸಿತ್ತು.

"ಬಿಡೇ, ಬಿಡೇ, ಕೈ ತೊಳೆದಿದ್ದೀಯಾ ಮೊದಲು?" ಎನ್ನುತ್ತ ದೊಡ್ಡಮ್ಮ ಒದ್ದಾಡಿದಳು.

ವಿಷಯ ತಿಳಿದ ಮೇಲೆ ಕಂಡಕ್ಟರು ಡ್ರಮ್ಮಿನ ನೆತ್ತಿ ಸವರುತ್ತ ನಿಂತ. ಅವನ ಬದುಕಿನಲ್ಲಿ ಹಿಡಿದು ದಡ ಮುಟ್ಟಿಸಿದ ಹವ್ಯಾಸ ಇದೊಂದೇ. "ಅರ್ಧ ಸಾಕಾಗುತ್ತಾ?" ಎಂದ.

"ಅರ್ಧಕ್ಕೆ ನನ್ನ ಡ್ರಮ್ಮು ಬೇಗ ಏಳಲ್ಲ ದೊಡ್ಡಪ್ಪ. ಚಳಿ ಬಂದೇಬಿಟ್ಟಿದೆ." ಕೇಳಲು ಅವಳಿಗೇ ನಾಚಿಕೆಯಾಯಿತು. "ತಳದಲ್ಲಿ ಒಂದಿಷ್ಟು ಬಿಟ್ಟು..."

"ಅದೇನ್ರೀ ಅರ್ಧ, ಮುಕ್ಕಾಲು?" ದೊಡ್ಡಮ್ಮ ನಡುವೆ ಬಾಯಿ ಹಾಕಿದಳು. "ಅವಳು ಕೊಟ್ಟ ಹೆಪ್ಪು ಅದು. ನಮ್ಮನೇಲಿ ಮೊಸರು ಕೆಟ್ಟಾಗ ಅವರ ಅತ್ತೆ ಎಷ್ಟು ಸಲ ಹೆಪ್ಪು ಕೊಟ್ಟಿಲ್ಲ? ಒಂದು ಸಲಾನಾದ್ರೂ ಅರ್ಧ ಚಮಚ ಸಾಕಾ ಅಂತ ಕೇಳಿದ್ರಾ? ಅಷ್ಟೂ ತಗೊಂಡು ಹೋಗಮ್ಮ."

"ನೀನು ನಿನ್ನ ತಂಗಿಗೋಸ್ಕರ ಹೇಳ್ತಿದ್ದೀಯ."

"ಎರಡಕ್ಕೂ ಹೇಳ್ತಿದ್ದೀನಿ. ಸುಮ್ನೆ ಕ್ಯಾನ್ ತನ್ನಿ."

ಮುಚ್ಚಳವಿರುವ ನೀರಿನ ಕ್ಯಾನುಗಳು ಬಂದವು. ಬಗ್ಗಡಕ್ಕೆ ಗಾಳಿ ಆಗದು. ಆದ್ದರಿಂದ ಪ್ರತಿ ಕ್ಯಾನನ್ನೂ ಕಂಠಪೂರ್ತಿ ತುಂಬಿ ಬಿರಡೆ ಬಿಗಿದಳು. ಕಾಲೇಜಿಗೆ ಅಷ್ಟು ಕ್ಯಾನು ಸಾಗಿಸುವುದು ಹೇಗೆ? ಆಟೋದವರು ದೂರದಿಂದಲೇ ಮೂಗು ಮುಚ್ಚಿಕೊಂಡು ಗಾಡಿ ತಿರುಗಿಸಿದರು. "ಬಸ್ಸು ಇರೋವಾಗ ಅವರ ಕಾಲು ಯಾಕೆ ಹಿಡೀಬೇಕು?" ಎಂದ ಕಂಡಕ್ಟರು. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಾಳಾಗಿ ಹೊರಟ. ಹಿಂದೆ ಡ್ರಮ್ಮಕ್ಕ. ಅವಳ ಹಿಂದೆ, ಬೇಡವೆಂದರೂ ಕೇಳದೆ, ಒಂದು ಕ್ಯಾನು ಹಿಡಿದ ಅತ್ತೆ.

ಬಸ್ಸು ಹತ್ತಿದ್ದೇ ಸುತ್ತಲಿನ ಸೀಟುಗಳು ಖಾಲಿಯಾದವು. ಡ್ಯೂಟಿಯಲ್ಲಿದ್ದ ಕಂಡಕ್ಟರು ಎಳೆಯ ವಯಸ್ಸಿನವನು. ಕರವಸ್ತ್ರ ಮೂಗಿಗೆ ಹಿಡಿದು ಬಂದ. "ಏನ್ ಯಜಮಾನ್ರೇ ಇದು? ಇಂಥದ್ದೆಲ್ಲ ಬಸ್ಸಲ್ಲಿ ಹಾಕೋ ಹಾಗಿಲ್ಲ, ಇಳಿಸಿ."

"ಯಾಕಪ್ಪಾ? ಮುಚ್ಚಳ ಭದ್ರ ಇದೆ, ಒಂದು ಹನಿ ಸೋರಲ್ಲ. ಲಗೇಜ್ ಟಿಕೆಟ್ ಕೊಡು."

"ಲಗೇಜ್ ಅಂದ್ರೆ ಏನಂತ ಬರೀಲಿ?"

"ಲಗೇಜ್ ಬೇಡ ಅಂದ್ರೆ ಪ್ರಯಾಣಿಕರು ಅಂತ ಬರಿ. ಒಳಗೆ ಕೋಟಿಗಟ್ಟಲೆ ಜೀವ ಇದಾವೆ. ಎಲ್ಲಾ ನಿಂತ್ಕೊಂಡೇ ಬರ್ತವೆ, ಸೀಟು ಕೇಳಲ್ಲ. ಕೂತ್ಕೊಂಡು ಎಲ್ಲರಿಗೂ ಒಂದೊಂದು ಟಿಕೆಟ್ ಹರಿ ನೋಡೋಣ."

ಬಸ್ಸಿನಲ್ಲಿ ನಗೆಯೆದ್ದಿತು. ಹಿಂದಿನ ಸೀಟಿನ ಹೆಂಗಸೊಬ್ಬಳು, "ಹೋಗ್ಲಿ ಬಿಡಪ್ಪ, ಕಿಟಕಿ ತೆಗೀತೀವಿ" ಎಂದಳು. ಚಳಿಗೆ ಮುಚ್ಚಿದ್ದ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ಗಡಗಡ ನಡುಗುತ್ತ ಕೂತರೇ ಹೊರತು ಯಾರೂ ಇಳಿಸಿ ಎನ್ನಲಿಲ್ಲ. ಡ್ರಮ್ಮಕ್ಕನಿಗೆ ಅವರ ಮುಖಗಳೆಲ್ಲ ನೆನಪಿನಲ್ಲಿ ಉಳಿದವು. ಮುಂದೆ ಎಷ್ಟೋ ವರ್ಷ ಆ ದಾರಿಯ ಬಸ್ಸು ಹತ್ತಿದಾಗ, ಅವತ್ತು ಕಿಟಕಿ ತೆರೆದವರಲ್ಲಿ ಯಾರಾದರೂ ಇದ್ದಾರೆಯೇ ಎಂದು ಕಣ್ಣು ಹುಡುಕುತ್ತಿತ್ತು.

ಕಾಲೇಜಿನಲ್ಲಿ ಅಟೆಂಡರ್ ಗೇಟಿಗೇ ಬಂದು ನಿಂತಿದ್ದ. ರಾತ್ರಿ ನಿದ್ದೆ ಮಾಡಿದ ಕಣ್ಣಲ್ಲ. ಎರಡೂ ಕೈಗೆ ಕ್ಯಾನು ತೆಗೆದುಕೊಂಡ. ಬ್ಲೀಚಿಂಗಿನ ಸೋಂಕು ಉಳಿಯಬಾರದೆಂದು ಅವಳು ಹೇಳಿದಂತೆ ಡ್ರಮ್ಮನ್ನು ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದ. ಬಗ್ಗಡ ತುಂಬಿಸಿ, ತಣ್ಣೀರು ಸೇರಿಸಿ, ಚಿಕ್ಕ ಡ್ರಮ್ಮು ಬೋರಲು ಹಾಕಿದರು. ಹೊಸ ಮನೆಗೆ ಬಂದವಕ್ಕೆ ಹೊಟ್ಟೆ ಕೆಡಬಾರದು. ಮೊದಲು ಊಟ ಬಲು ಹಗುರ, ಮಗುವಿಗೆ ಹಿಡಿ ಅನ್ನ ಹಿಚುಕಿ ಹಾಕಿದಷ್ಟು.

"ಇನ್ಮೇಲೆ ಬೆಳಗಿನ ಊಟ ಹಾಕೋ ಕೆಲಸ ನಿಮ್ಮದು" ಎಂದಳು ಅವಳು ಅಟೆಂಡರಿಗೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಾನಾ? ಬೇಡ ಮೇಡಂ, ನನ್ನ ಕೈಗುಣ ನೋಡಿದ್ರಲ್ಲ."

"ಅಷ್ಟು ಶ್ರದ್ಧೆಯಿಂದ ತೊಳೆದ ಕೈ ಅಷ್ಟೇ ಶ್ರದ್ಧೆಯಿಂದ ಸಾಕುತ್ತೆ. ನಾನು ಬೈದರೆ ಮಾತ್ರ ನಂಬಬೇಡಿ. ಇದನ್ನ ನಾನು ಬೈಯೋದು ಸುಳ್ಳು."

ದಿನಗಳು ಹೋದವು. ಚಿಕ್ಕ ಡ್ರಮ್ಮು ಅಲ್ಲಾಡಲಿಲ್ಲ. ಚಳಿ ಗಟ್ಟಿಯಾಯಿತು, ಬೆಳಿಗ್ಗೆ ತಗಡಿನ ಅಂಚಿನಲ್ಲಿ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಪ್ರೊಫೆಸರ್ ಬಂದು ನೋಡಿ ಹೋಗುತ್ತಿದ್ದರು. ಬೇಕೆಂದರೆ ಹೀಟರ್ ಹಾಕಿ ಎಬ್ಬಿಸಬಹುದಿತ್ತು. ಹಾಕಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಅವಳು ಹೀಟರಿನ ವೈರು ಸುತ್ತಿ ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಅಟೆಂಡರಿಗೆ ಕೊಟ್ಟಳು. ತನ್ನ ಮನಸ್ಸಿನ ಮೇಲೆ ತನಗೇ ನಂಬಿಕೆ ಇರಲಿಲ್ಲ. ಮನೆಯಲ್ಲಿ ಅತ್ತೆ ಕೂಡ "ಎದ್ದವಾ?" ಎಂದು ಕೇಳುವುದನ್ನು ಬಿಟ್ಟು, ಬಾಗಿಲು ತೆಗೆದ ಕೂಡಲೇ ಮುಖವನ್ನಷ್ಟೇ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ತರಗತಿಯಲ್ಲಿದ್ದಳು. ಪ್ರೊಫೆಸರ್ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು. ಬಾಗಿಲಲ್ಲಿ ಅಟೆಂಡರ್ ಪ್ರತ್ಯಕ್ಷನಾದ. ಓಡಿ ಬಂದ ರಭಸಕ್ಕೆ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದ. ಲೈಬ್ರರಿಯಲ್ಲಿ ಅಷ್ಟು ವರ್ಷ ಪಿಸುಮಾತಿನಲ್ಲೇ ಬದುಕಿದ ಮನುಷ್ಯ, ಇಡೀ ಕಾರಿಡಾರು ತಿರುಗಿ ನೋಡುವಂತೆ ಕೂಗಿದ.

"ಡ್ರಮ್ಮಕ್ಕಾ! ಮೇಲೆದ್ದಿದೆ! ಬೆರಳಷ್ಟು ಮೇಲೆದ್ದಿದೆ!"

ಅಲ್ಲಿಯ ತನಕ ಅವನು ಅವಳನ್ನು ಮೇಡಂ ಎಂದಲ್ಲದೆ ಕರೆದವನಲ್ಲ. ತರಗತಿಗೆ ತರಗತಿಯೇ ಎದ್ದು ಓಡಿತು. ಪ್ರೊಫೆಸರ್ ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಓಡಿದರು. 

ಮೊದಲ ಗ್ಯಾಸು ಉರಿಯುವುದಿಲ್ಲ, ಗಾಳಿ ಬೆರೆತಿರುತ್ತದೆ. ಅದನ್ನು ಹೊರಗೆ ಬಿಡಬೇಕು. ಅವಳು ಬಿಟ್ಟಳು. ಎರಡನೆಯ ಸಲ ತುಂಬುವ ತನಕ ಕಾದಳು. ಆಮೇಲೆ ಕಡ್ಡಿ ಗೀರಿ ಅಟೆಂಡರಿನ ಕೈಗೆ ಕೊಟ್ಟಳು. ಅವನು ಅದನ್ನು ಒಲೆಗೆ ಹಿಡಿದ. ನೀಲಿ ಉರಿ ಸುತ್ತಲೂ ಅರಳಿತು. ಡ್ರಮ್ಮನ್ನು ಮುಟ್ಟಿದರೆ ಕೈ ಮರಗಟ್ಟುವಷ್ಟು ತಂಪು.

ಆ ಚಳಿಗಾಲವಿಡೀ ಆ ಉರಿ ಆರಲಿಲ್ಲ. ಪ್ರಬಂಧ ಬರೆಯುವಾಗ ತೊಳೆದ ಕಥೆಯನ್ನು ಬರೆಯುವುದೋ ಬೇಡವೋ ಎಂದು ಅವಳು ಕೇಳಿದಳು. "ಬರಿ," ಎಂದರು ಪ್ರೊಫೆಸರ್. "ಯಾರು ತೊಳೆದರು ಅಂತ ಬೇಡ. ಒಂದು ಸಲ ಪೂರ್ತಿ ಹಾಳಾಯ್ತು, ಬೇರೆ ಕಡೆ ಇದ್ದ ಹೆಪ್ಪಿನಿಂದ ಚಳೀಲೇ ಮತ್ತೆ ಎಬ್ಬಿಸಿದೆ ಅಂತ ಬರಿ. ನಿನ್ನ ಪ್ರಬಂಧದಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ಅದೇ ಕಣಮ್ಮ." ಕಡೆಯ ದಿನ ಹೊರಗಿನಿಂದ ಬಂದ ಪರೀಕ್ಷಕರೂ ಅದನ್ನೇ ಹಿಡಿದರು. "ಈ ಬೇರೆ ಕಡೆ ಅಂದ್ರೆ ಯಾವ ಲ್ಯಾಬು?" ಎಂದು ಕೇಳಿದರು. "ನಮ್ಮ ಮೇಲ್ಮನೆ ತಾರಸಿ ಸಾರ್. ನೀರಿನ ಟ್ಯಾಂಕಿನ ಹಿಂದೆ" ಎಂದಳು. ಅವರು ನಕ್ಕರು, ಆಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕೆಲಸಕ್ಕೆ ವಾಪಸ್ಸಾಗುವ ಮುನ್ನ ಅವಳು ಎರಡು ಕಡೆಗೆ ಬಗ್ಗಡ ಹೊತ್ತಳು. ಹೆಚ್ಚಿನದು ಕೇಂದ್ರದ ತೊಟ್ಟಿಗೆ. ಮುಂದಿನ ಚಳಿಗಾಲದಲ್ಲಿ ಹಾಸ್ಟೆಲಿನ ಒಲೆ ಬೇಸಿಗೆಯಷ್ಟು ಭರ್ರೆನ್ನದಿದ್ದರೂ ನಿಲ್ಲಲಿಲ್ಲ; ಅಡುಗೆಯಾಕೆ "ನೆಂಟರು ಈ ಸಲ ಇಲ್ಲೇ ಉಳ್ಕೊಂಡ್ರು" ಎಂದು ಒಂದು ಸಲವೂ ಕೆಮ್ಮದೆ ಹೇಳಿದಳು. ಉಳಿದದ್ದು ಮೇಲ್ಮನೆಗೆ. ಇಸಿದುಕೊಂಡ ಹೆಪ್ಪನ್ನು ಹಿಂದಿರುಗಿಸದಿದ್ದರೆ ಹೇಗೆ?

ಅವಳೂ ಅತ್ತೆಯೂ ಕ್ಯಾನು ಹೊತ್ತು ತಾರಸಿಗೆ ಹೋದಾಗ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಬಂತೇ ಈ ಪೀಡೆ ಎಂಬ ಮುಖ.

"ಬೇಡ ಅಂದ್ರೆ ವಾಪಸ್ ಒಯ್ತೀನಿ ದೊಡ್ಡಮ್ಮ."

"ಒಯ್ತಾಳಂತೆ! ಮೂರು ತಿಂಗಳಿಂದ ಈ ಮನುಷ್ಯ ಸಂಜೆ ಟೀ ಕುಡಿದು ಮುಖ ಕಿವುಚಿಕೊಂಡು ಕೂರ್ತಾರೆ, ರುಚಿ ಇಲ್ಲ ಅಂತ. ಅದೇ ಪುಡಿ, ಅದೇ ಹಾಲು, ನನ್ನ ಕೈದೇ ತಪ್ಪಂತೆ. ಬೇಗ ಸುರಿ ಮಾರಾಯ್ತಿ." ಆಮೇಲೆ ತಾರಸಿಯ ನಡುವಿಗೆ ಬೆರಳು ತೋರಿಸಿದಳು. "ಇಲ್ಲಿ ಇಡೋಣ, ಒಳ್ಳೆ ಬಿಸಿಲಿದೆ. ಬಂದೋರೂ ನೋಡ್ಲಿ."

"ಬೇಡ ದೊಡ್ಡಮ್ಮ. ನೀವು ತಳ್ಳಿಸಿದ ಆ ಮೂಲೆನೇ ಇರ್ಲಿ. ಅದರಿಂದಲೇ ಅಲ್ವಾ ನಾನು ಪಾಸಾದದ್ದು."

ದೊಡ್ಡಮ್ಮ ಗಂಡನ ಕಡೆ ತಿರುಗಿದಳು. "ಕೇಳಿಸ್ತಾ? ನಾನು ಬೈದಿದ್ದರಿಂದ ಪಾಸಾದಳಂತೆ."

"ಹಾಗಾದ್ರೆ ನಾನು ಇಷ್ಟು ಹೊತ್ತಿಗೆ ಡಾಕ್ಟರ್ ಆಗಿರಬೇಕಿತ್ತು" ಎಂದ ಕಂಡಕ್ಟರು, ಕ್ಯಾನಿನ ಬಿರಡೆ ತಿರುಗಿಸುತ್ತ.

ಅತ್ತೆ ನಗುತ್ತ ನೆಲದ ಮೇಲೆ ಕೂತಳು. ಬಗ್ಗಡ ಗಳಗಳ ಸದ್ದು ಮಾಡುತ್ತ ಡ್ರಮ್ಮಿಗೆ ಇಳಿಯಿತು.